ಗುಜರಿಗೆ ಹಾಕುವ ಮುನ್ನ: ಹಳೆಯ ಕಂಪ್ಯೂಟರಿಗೊಂದು ಹಗುರ ಲಿನಕ್ಸ್



ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿ ಹೋದರೆ ದಾಬಸ್‌ಪೇಟೆ ಸಿಗುತ್ತದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಪಿ. ಪಾರ್ಥಸಾರಥಿ ಎಂಬುವರು 2005ರಲ್ಲಿ ‘ಇ-ಪರಿಸರ’ ಎಂಬ ಘಟಕ ಆರಂಭಿಸಿದರು. ಎಲೆಕ್ಟ್ರಾನಿಕ್ ಕಸವನ್ನು ಬಿಚ್ಚಿ, ಬೇರ್ಪಡಿಸಿ, ಮರುಬಳಕೆಗೆ ಒದಗಿಸಲು ಸರ್ಕಾರದ ಮಾನ್ಯತೆ ಪಡೆದ ದೇಶದ ಮೊದಲ ಘಟಕ ಅದು. ಹೆಸರಿಗೆ ಬೆಂಗಳೂರು ಗ್ರಾಮಾಂತರವಾದರೂ, ಕಂಪ್ಯೂಟರ್ ಎಂಬ ಯಂತ್ರದ ಕೊನೆಯ ದಿನಗಳನ್ನು ನಮ್ಮ ಜಿಲ್ಲೆ ಇಪ್ಪತ್ತು ವರ್ಷಗಳಿಂದ ನೋಡುತ್ತಾ ಬಂದಿದೆ.

ಇಂಥ ಘಟಕಕ್ಕೆ ಬಂದ ಕಂಪ್ಯೂಟರಿನಿಂದ ತಾಮ್ರ, ಅಲ್ಯೂಮಿನಿಯಂ, ಒಂದಿಷ್ಟು ಬೆಳ್ಳಿ, ಕಣದಷ್ಟು ಚಿನ್ನ ಹೊರಬರುತ್ತವೆ. ಹಳೆಯ ಕಾಲದ ಡಬ್ಬದಂಥ ಪರದೆಗಳ ಗಾಜಿನಲ್ಲಿ ಸೀಸ ಇರುತ್ತದೆ. ಅದನ್ನು ಬಯಲಲ್ಲಿ ಒಡೆದರೆ ಮಣ್ಣಿಗೂ ಅಂತರ್ಜಲಕ್ಕೂ ವಿಷ. ವಿಶ್ವಸಂಸ್ಥೆಯ ವರದಿಯೊಂದರ ಪ್ರಕಾರ 2022ರ ಒಂದೇ ವರ್ಷದಲ್ಲಿ ಜಗತ್ತು 6 ಕೋಟಿ 20 ಲಕ್ಷ ಟನ್ ಎಲೆಕ್ಟ್ರಾನಿಕ್ ಕಸ ಹಾಕಿದೆ. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದು ಗುಜರಿ ಅಂಗಡಿಗಳಲ್ಲಿ, ಮನೆಯ ಅಟ್ಟಗಳಲ್ಲಿ, ಕೆರೆ ಅಂಗಳದ ಬೆಂಕಿಯಲ್ಲಿ.

ಈ ಕಸದ ಬಗ್ಗೆ ಇನ್ನೂ ಬಹಳ ಹೇಳಬಹುದು. ಆದರೆ ನಾನು ಮಾತನಾಡಬೇಕೆಂದಿರುವುದು ಕಸವಾಗುವುದಕ್ಕೆ ಒಂದು ಹೆಜ್ಜೆ ಹಿಂದಿನ ಸಂಗತಿ. ಗುಜರಿಗೆ ಹೋಗುವ ಕಂಪ್ಯೂಟರುಗಳಲ್ಲಿ ಎಷ್ಟೋ ಯಂತ್ರಗಳು ಕೆಟ್ಟಿರುವುದಿಲ್ಲ. ಪರದೆ ಬೆಳಗುತ್ತದೆ, ಕೀಲಿಮಣೆ ಸರಿಯಿದೆ, ಫ್ಯಾನ್ ತಿರುಗುತ್ತದೆ. ಸ್ವಿಚ್ ಹಾಕಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ಮಾತ್ರ ಐದು ನಿಮಿಷ, ಹತ್ತು ನಿಮಿಷ. ‘ಇದು ಮುದಿಯಾಯಿತು, ಹೊಸದು ತಗೊಳ್ಳಿ’ ಎಂದು ಯಾರೋ ಹೇಳುತ್ತಾರೆ, ಮನೆಯವರು ನಂಬುತ್ತಾರೆ. ಮುದಿಯಾದದ್ದು ಯಂತ್ರವಲ್ಲ ಎಂಬುದು ಅವರಿಗೆ ಗೊತ್ತಾಗುವುದೇ ಇಲ್ಲ. ವರ್ಷದಿಂದ ವರ್ಷಕ್ಕೆ ಅದರೊಳಗಿನ ತಂತ್ರಾಂಶ ಭಾರವಾಗುತ್ತಾ ಹೋಗಿದೆ, ಹೊರುವ ಯಂತ್ರ ಮಾತ್ರ ಅದೇ ಉಳಿದಿದೆ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹೆಚ್ಚುವರಿ ಭದ್ರತಾ ಪರಿಷ್ಕರಣೆಗೆ ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ಗಡುವು ಕೊಟ್ಟಿತು. ಇನ್ನು ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ, ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಂದರೆ 2017ಕ್ಕೆ ಮೊದಲು ಕೊಂಡ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರುಗಳೂ ಸಾಲಿನಿಂದ ಹೊರಗೆ. ದೇವನಹಳ್ಳಿಯ ಒಂದು ಟ್ಯುಟೋರಿಯಲ್, ಹೊಸಕೋಟೆಯ ಒಂದು ಔಷಧಿ ಅಂಗಡಿ, ಹಳ್ಳಿಯ ಒಂದು ಹಾಲಿನ ಡೇರಿ, ಮಗಳ ಓದಿಗೆಂದು ಸಾಲ ಮಾಡಿ ಲ್ಯಾಪ್‌ಟಾಪ್ ಕೊಂಡ ಒಂದು ಮಗ್ಗದ ಮನೆ, ಇವರೆಲ್ಲರ ಮುಂದೆ ಈಗ ಇರುವ ಪ್ರಶ್ನೆ ಒಂದೇ: ಭದ್ರತೆಯಿಲ್ಲದ ಹಳೆಯದರಲ್ಲೇ ಮುಂದುವರಿಯುವುದೋ, ಹೊಸದಕ್ಕೆ ಮೂವತ್ತು ನಲವತ್ತು ಸಾವಿರ ಸುರಿಯುವುದೋ?

ಮೂರನೆಯ ದಾರಿಯೊಂದಿದೆ, ಅದಕ್ಕೆ ದುಡ್ಡು ಬೇಕಿಲ್ಲ. ಅದೇ ಯಂತ್ರಕ್ಕೆ ಲಿನಕ್ಸ್ ಆಧಾರಿತ ಹಗುರವಾದ ಒಂದು ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳುವುದು.

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಒಂದು ಆಡಳಿತಕ್ಕೆ ತಂದು ನಮ್ಮ ಮಾತು ಕೇಳುವಂತೆ ಮಾಡುವ ಮೂಲ ತಂತ್ರಾಂಶ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಇಂಥದೊಂದು ವ್ಯವಸ್ಥೆ ಯಾರ ಸ್ವತ್ತೂ ಆಗದೆ ಎಲ್ಲರದೂ ಆಗಿರಬೇಕೆಂದು 1983ರಲ್ಲಿ ‘ಗ್ನೂ’ ಯೋಜನೆಯನ್ನು ಘೋಷಿಸಿದರು. ಅದಕ್ಕೆ ಬೇಕಾಗಿದ್ದ ತಿರುಳನ್ನು 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದರು. ಆಗ ಅವರಿಗೆ 21 ವರ್ಷ. ಮರುವರ್ಷ ಸ್ಟಾಲ್‌ಮನ್ನರ ಮುಕ್ತ ಪರವಾನಗಿಯಡಿಯಲ್ಲೇ ಅದನ್ನು ಜಗತ್ತಿಗೆ ಬಿಟ್ಟುಕೊಟ್ಟರು. ಅದೇ ಲಿನಕ್ಸ್. ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. 2017ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸ್ ಇಲ್ಲದ ಯಂತ್ರ ಒಂದೂ ಇಲ್ಲ. ಹಾಗಾಗಿ ‘ಪುಕ್ಕಟೆ ಸಿಗುವುದು ಕಳಪೆ ಇರಬೇಕು’ ಎಂಬ ಅನುಮಾನವನ್ನು ದಯವಿಟ್ಟು ಇಲ್ಲಿಗೇ ಬಿಡಿ.

ತೆರೆದ ಆಕರ, ಮುಕ್ತ ತಂತ್ರಾಂಶ ಎಂಬ ಮಾತುಗಳನ್ನು ಕೇಳಿದಾಗ ಹಲವರಿಗೆ ಅದೇನೋ ಪಟ್ಟಣದ ಎಂಜಿನಿಯರುಗಳ ವಿದ್ಯೆ ಅನ್ನಿಸುತ್ತದೆ. ನಮ್ಮ ಜಿಲ್ಲೆಯ ದೊಡ್ಡಬಳ್ಳಾಪುರದ ನೇಕಾರರಿಗೆ ಹಾಗೆ ಅನ್ನಿಸಬೇಕಿಲ್ಲ. ಕಂಪ್ಯೂಟರ್ ಹುಟ್ಟುವುದಕ್ಕೆ ಮೊದಲು ಅದರ ಆಲೋಚನೆ ಹುಟ್ಟಿದ್ದೇ ರೇಷ್ಮೆ ಮಗ್ಗದ ಮೇಲೆ. ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಯಂತ್ರದ ಸಂತತಿಯೇ ಇವತ್ತು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನೆತ್ತಿಯ ಮೇಲೆ ಕೂತು ಸೀರೆಯ ಅಂಚು, ಸೆರಗು, ಬುಟ್ಟಾಗಳನ್ನು ಮೂಡಿಸುತ್ತಿದೆ. ತೂತು ಕೊರೆದ ರಟ್ಟಿನ ಕಾರ್ಡುಗಳನ್ನು ಸರಪಳಿಯಂತೆ ಹೆಣೆದು ಇಳಿಬಿಟ್ಟಿರುತ್ತಾರೆ. ಒಂದೊಂದು ಹೊಕ್ಕಿಗೆ ಒಂದೊಂದು ಕಾರ್ಡು. ತೂತು ಇದ್ದ ಕಡೆ ಸೂಜಿ ತೂರುತ್ತದೆ, ಕೊಕ್ಕೆ ಏಳುತ್ತದೆ, ಹಾಸಿನ ಎಳೆ ಮೇಲಕ್ಕೆ ಬರುತ್ತದೆ. ತೂತು ಇಲ್ಲದ ಕಡೆ ಎಳೆ ಇದ್ದಲ್ಲೇ ಇರುತ್ತದೆ. ಇದೆ, ಇಲ್ಲ, ಒಂದು, ಸೊನ್ನೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆದೇಶ ಕೊಡುವ ಉಪಾಯವನ್ನು ತೆಗೆದುಕೊಂಡದ್ದು ಈ ಕಾರ್ಡುಗಳಿಂದಲೇ. ಅಮೆರಿಕದ 1890ರ ಜನಗಣತಿಯನ್ನು ಹರ್ಮನ್ ಹೊಲೆರಿತ್ ಎಣಿಸಿ ಮುಗಿಸಿದ್ದೂ ತೂತು ಕಾರ್ಡಿನ ಯಂತ್ರಗಳಿಂದ.

ಈಗ ಒಂದು ಸೀರೆಯ ಡಿಸೈನನ್ನು ನೆನೆಯಿರಿ. ಮೊದಲು ಅದು ಚೌಕುಳಿ ಗೆರೆಯ ಗ್ರಾಫ್ ಹಾಳೆಯ ಮೇಲೆ ಇರುತ್ತದೆ. ಒಂದೊಂದು ಚೌಕವೂ ಒಂದು ಎಳೆಯ ಏಳು-ಬೀಳು. ಆ ಹಾಳೆ ನೋಡಿ ಕಾರ್ಡು ಕೊರೆಯುತ್ತಾರೆ, ಕಾರ್ಡು ನೋಡಿ ಮಗ್ಗ ನೇಯುತ್ತದೆ, ಕೊನೆಗೆ ಸೀರೆ ನಮ್ಮ ಕೈಗೆ ಬರುತ್ತದೆ. ಸೀರೆ ನೋಡಿ ಡಿಸೈನನ್ನು ಮೆಚ್ಚಬಹುದು. ಆದರೆ ಬುಟ್ಟಾವನ್ನು ಕೊಂಚ ದೊಡ್ಡದು ಮಾಡಬೇಕಾದರೆ, ಎಲ್ಲೋ ತಪ್ಪಿರುವ ಒಂದು ಎಳೆಯನ್ನು ತಿದ್ದಬೇಕಾದರೆ, ಗ್ರಾಫ್ ಹಾಳೆಯೇ ಬೇಕು. ತಂತ್ರಾಂಶಕ್ಕೂ ಇಂಥದೇ ಒಂದು ಗ್ರಾಫ್ ಹಾಳೆ ಇದೆ, ಅದೇ ಆಕರ ಸಂಕೇತ. ಮುಚ್ಚಿದ ತಂತ್ರಾಂಶದ ಕಂಪನಿ ಸೀರೆಯನ್ನು ಬಾಡಿಗೆಗೆ ಕೊಟ್ಟು ಹಾಳೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತದೆ. ಲಿನಕ್ಸಿನವರು ಸೀರೆಯ ಜೊತೆ ಹಾಳೆಯನ್ನೂ ಕೊಟ್ಟು, ‘ಬೇಕಾದಂತೆ ತಿದ್ದಿ, ನಕಲು ಮಾಡಿ, ಮಾರಿದರೂ ಸರಿಯೇ, ನೀವು ಯಾರಿಗೆ ಕೊಡುತ್ತೀರೋ ಅವರಿಗೂ ಹಾಳೆ ಸಿಗಬೇಕು’ ಎನ್ನುತ್ತಾರೆ. ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯದಡಿ ಜಕಾರ್ಡ್ ಮತ್ತು ಡಾಬಿ ನೇಯ್ಗೆಯ ವಿನ್ಯಾಸಕ್ಕೆಂದೇ ‘ಡಿಜಿಬುನಾಯ್’ ಎಂಬ ತೆರೆದ ಆಕರದ ತಂತ್ರಾಂಶ ಬಂದಿದೆ. ಕಾರ್ಡುಗಳ ಬದಲು ಎಲೆಕ್ಟ್ರಾನಿಕ್ ಜಕಾರ್ಡ್ ಕೂರಿಸಿಕೊಳ್ಳುತ್ತಿರುವ ನೇಕಾರ ಮನೆಗಳ ಹುಡುಗರು ಇದನ್ನೊಮ್ಮೆ ನೋಡಲೇಬೇಕು.

ಹೀಗೆ ಹಾಳೆ ಎಲ್ಲರ ಕೈಯಲ್ಲಿ ಇರುವುದರಿಂದಲೇ ಲಿನಕ್ಸಿಗೆ ನೂರಾರು ಆವೃತ್ತಿಗಳು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್, ಪಪ್ಪಿ ಹೀಗೆ ಹೆಸರುಗಳು ಬೆಳೆಯುತ್ತಾ ಹೋಗುತ್ತವೆ. ನಮ್ಮ ದೇಶದ್ದೇ ‘ಬಾಸ್’ ಇದೆ. ಚೆನ್ನೈನ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ನನ್ನು ಆಧರಿಸಿ, ಭಾರತೀಯ ಭಾಷೆಗಳ ಸೌಲಭ್ಯ ಸೇರಿಸಿ ಮಾಡಿದ್ದು.

ಇವೆಲ್ಲಕ್ಕೂ ತಿರುಳು ಒಂದೇ ಆಗಿದ್ದರೆ ಒಂದು ಹಗುರ, ಒಂದು ಭಾರ ಆಗುವುದು ಹೇಗೆ? ತಿರುಳಿನ ಮೇಲೆ ನಮ್ಮ ಕಣ್ಣಿಗೆ ಬೀಳುವ ಒಂದು ಮೇಲ್ಪದರ ಇರುತ್ತದೆ: ಕಿಟಕಿಗಳು, ಮೆನು, ಚಿತ್ರಸಂಕೇತಗಳು, ಕೆಳಗಿನ ಪಟ್ಟಿ. ಇದನ್ನು ಡೆಸ್ಕ್‌ಟಾಪ್ ಪರಿಸರ ಎನ್ನುತ್ತಾರೆ. ನೆರಳು, ಪಾರದರ್ಶಕ ಅಂಚು, ಕಿಟಕಿ ತೇಲಿ ಬರುವ ಆಟ, ಇವಕ್ಕೆಲ್ಲ ಮೆಮೊರಿ ಬೇಕು. ಅದರ ಜೊತೆಗೆ ನಮಗೆ ಕಾಣದೆ ಹಿನ್ನೆಲೆಯಲ್ಲಿ ಓಡುವ ಹತ್ತಾರು ಸೇವೆಗಳು. ಲಿನಕ್ಸಿನಲ್ಲಿ ಈ ಮೇಲ್ಪದರವನ್ನು ಬಿಚ್ಚಿ ಇನ್ನೊಂದನ್ನು ತೊಡಿಸಬಹುದು. 1996ರಲ್ಲಿ ಒಲಿವಿಯರ್ ಫುರ್ದಾನ್ ಶುರುಮಾಡಿದ ಎಕ್ಸ್‌ಎಫ್‌ಸಿಇ, ಅದಕ್ಕಿಂತಲೂ ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಇಂಥ ಮೇಲ್ಪದರಗಳು. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸಂತೂ ಹಾರ್ಡ್‌ಡಿಸ್ಕೇ ಇಲ್ಲದ ಯಂತ್ರದಲ್ಲೂ ಪೆನ್‌ಡ್ರೈವಿನಿಂದ ಎದ್ದು, ಇಡಿಯಾಗಿ ಮೆಮೊರಿಯಲ್ಲೇ ಕೂತು ಕೆಲಸ ಮಾಡುತ್ತದೆ.

ಮೊದಲ ಸಲ ಬಳಸುವವರು ಯಾವುದನ್ನು ಆರಿಸಬೇಕು ಎಂದು ಕೇಳಿದರೆ ನನ್ನ ಉತ್ತರ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ. ಮಿಂಟ್ 2006ರಿಂದ ಇದೆ, ಅದನ್ನು ಆರಂಭಿಸಿದವರು ಕ್ಲೆಮೆಂಟ್ ಲೆಫೆಬ್ವ್ರ್. 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಇದ್ದರೆ ಏಳುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಹಾಯಾಗಿ ನಡೆಯುತ್ತದೆ. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ಕಡತಗಳಿಗೆ ಫೋಲ್ಡರು. ವಿಂಡೋಸ್ ಬಳಸಿ ಅಭ್ಯಾಸವಾದ ಕೈ ಇಲ್ಲಿ ತಡವರಿಸುವುದಿಲ್ಲ. ಫೈರ್‌ಫಾಕ್ಸ್ ಬ್ರೌಸರ್, ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್, ಸಿನಿಮಾ ನೋಡುವ ತಂತ್ರಾಂಶ ಮೊದಲೇ ಇರುತ್ತವೆ. ಪ್ರತಿ ಮುಖ್ಯ ಆವೃತ್ತಿಗೂ ಸುಮಾರು ಐದು ವರ್ಷ ಭದ್ರತಾ ಪರಿಷ್ಕರಣೆ ಸಿಗುತ್ತದೆ. ನಡುವೆ ಏನಾದರೂ ಎಡವಟ್ಟಾದರೆ ವ್ಯವಸ್ಥೆಯನ್ನು ಹಿಂದಿನ ದಿನದ ಸ್ಥಿತಿಗೆ ತಿರುಗಿಸಲು ಟೈಮ್‌ಶಿಫ್ಟ್ ಎಂಬ ಸಲಕರಣೆಯೂ ಜೊತೆಗಿದೆ. ಶಾಲೆ, ಗ್ರಂಥಾಲಯದಂಥ ಕಡೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಆಪರೇಟಿಂಗ್ ಸಿಸ್ಟಂ ಎಷ್ಟು ಹಗುರವಾದರೂ ಇಂದಿನ ವೆಬ್‌ಪುಟಗಳು ಹಗುರವಾಗುವುದಿಲ್ಲ. 2 ಜಿಬಿ ರ‍್ಯಾಮಿನ ಯಂತ್ರದಲ್ಲಿ ಯೂಟ್ಯೂಬು, ಮೇಲು, ಇನ್ನೆರಡು ಜಾಲತಾಣ ಒಟ್ಟಿಗೆ ತೆರೆದರೆ ಲಿನಕ್ಸಾದರೂ ಉಸಿರುಗಟ್ಟುತ್ತದೆ. ಸಾಧ್ಯವಿದ್ದರೆ ರ‍್ಯಾಮನ್ನು 4 ಜಿಬಿಗೆ ಏರಿಸಿ. ತಿರುಗುವ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹೊಸ ಕಂಪ್ಯೂಟರಿನ ಬೆಲೆಯ ಮುಂದೆ ಈ ಖರ್ಚು ತೀರ ಸಣ್ಣದು, ಆದರೆ ಹತ್ತು ವರ್ಷದ ಯಂತ್ರ ಅರ್ಧ ನಿಮಿಷದೊಳಗೆ ಎದ್ದು ಕೂರುವುದನ್ನು ನೋಡಿದವರು ಮತ್ತೆ ಹೊಸದರ ಮಾತೆತ್ತುವುದಿಲ್ಲ. ಇನ್ನು 32 ಬಿಟ್ಟಿನ ಬಲು ಹಳೆಯ ಪ್ರೊಸೆಸರುಗಳಿಗೆ ಮಿಂಟಿನ ಮುಖ್ಯ ಆವೃತ್ತಿ ಈಗ ಸಿಗುವುದಿಲ್ಲ. ಅವಕ್ಕೆ ಆಂಟಿಎಕ್ಸ್, ಪಪ್ಪಿಗಳೇ ಗತಿ.

ಕನ್ನಡದ ವಿಷಯಕ್ಕೆ ಬರೋಣ. ‘ಲಿನಕ್ಸಿನಲ್ಲಿ ನುಡಿ ತಂತ್ರಾಂಶ ಇಲ್ಲವಲ್ಲ, ಕನ್ನಡ ಹೇಗೆ ಟೈಪ್ ಮಾಡುವುದು?’ ಎಂದು ಬಹಳ ಜನ ಹಿಂಜರಿಯುತ್ತಾರೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಕಗಪ ಎಂದು ನಾವೆಲ್ಲ ಕರೆಯುವ ಕೀಲಿಮಣೆ ಲಿನಕ್ಸಿನೊಳಗೇ ಸೇರಿಕೊಂಡಿದೆ. ಕೀಲಿಮಣೆಯ ಸೆಟ್ಟಿಂಗಿಗೆ ಹೋಗಿ ಕನ್ನಡ ಕಗಪ ಆರಿಸಿಕೊಂಡರೆ ಮುಗಿಯಿತು, ಬೇರೆ ತಂತ್ರಾಂಶ ಹುಡುಕಿ ತಂದು ಹಾಕಬೇಕಿಲ್ಲ. ನುಡಿಯಲ್ಲಿ ಪಳಗಿದ ಬೆರಳು ಹಾಗೆಯೇ ಓಡುತ್ತದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಅಕ್ಷರಗಳಿಗೆ ಲೋಹಿತ್ ಮತ್ತು ನೋಟೊ ಇವೆ, ಅರವಿಂದ ವಿ.ಕೆ. ಅವರ ಕೈಯಲ್ಲಿ ರೂಪುಗೊಂಡ ಗುಬ್ಬಿ, ನವಿಲು ಎಂಬ ಮುದ್ದಾದ ಫಾಂಟುಗಳು ಡೆಬಿಯನ್ ಭಂಡಾರದಲ್ಲೇ ಇವೆ, ಉಚಿತವಾಗಿ ಇಳಿಸಿಕೊಳ್ಳಬಹುದು.

ಇವೆಲ್ಲ ತಾವಾಗಿಯೇ ಬಂದವಲ್ಲ. ಹರಿಪ್ರಸಾದ್ ನಾಡಿಗ್ ಮತ್ತು ಗೆಳೆಯರು, ಗ್ನೋಮ್ ಡೆಸ್ಕ್‌ಟಾಪನ್ನು ಕನ್ನಡಕ್ಕೆ ತಂದ ಶಂಕರ್ ಪ್ರಸಾದ್, ‘ಲಿನಕ್ಸಾಯಣ’ ಎಂದು ಹೆಸರಿಟ್ಟು ಕನ್ನಡದಲ್ಲೇ ಲಿನಕ್ಸಿನ ಪಾಠ ಬರೆದ ಓಂಶಿವಪ್ರಕಾಶ್, ಇಂಥವರು ಕೂತು ಮಾಡಿದ ಕೆಲಸ ಇದು. ಕಂಪನಿಯೊಂದು ಕನ್ನಡಕ್ಕೆ ಮಾರುಕಟ್ಟೆ ಇಲ್ಲವೆಂದು ಕೈಬಿಟ್ಟರೆ ನಾವು ಮನವಿಪತ್ರ ಬರೆಯಬೇಕಾಗುತ್ತದೆ. ಇಲ್ಲಿ ಹಾಗಲ್ಲ, ಸಾಲು ತಪ್ಪಾಗಿದ್ದರೆ ತಿದ್ದಿ ಕಳಿಸುವ ಹಕ್ಕು ಯಾವ ಕನ್ನಡಿಗನಿಗೂ ಇದೆ. ಅನುವಾದ ಇನ್ನೂ ಅರೆಬರೆ ಇರುವ ಕಡೆಗಳು ಬೇಕಾದಷ್ಟಿವೆ. ಕನ್ನಡ ಎಂ.ಎ. ಓದುತ್ತಿರುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಮತ್ತೊಂದಿರಲಾರದು.

ಈ ಹಾದಿ ನಡೆಯುವಂಥದ್ದೇ ಎಂದು ಕೇಳುವವರಿಗೆ ನಾನು ತೋರಿಸುವುದು ಕೇರಳದ ಕಾಸರಗೋಡನ್ನು. ಕೇರಳ ಸರ್ಕಾರ ಶಾಲೆಗಳ ಕಂಪ್ಯೂಟರ್ ಶಿಕ್ಷಣಕ್ಕೆ 2001ರಲ್ಲಿ ಒಂದು ಯೋಜನೆ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಅದನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. 2019ರಲ್ಲಿ ಉಬುಂಟುವನ್ನು ಆಧರಿಸಿದ ತನ್ನದೇ ಆವೃತ್ತಿಯನ್ನು ರಾಜ್ಯದ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆಂದು ಬಿಡುಗಡೆ ಮಾಡಿತು. ಪರವಾನಗಿ ಶುಲ್ಕದಲ್ಲಿ ಮೂರು ಸಾವಿರ ಕೋಟಿ ರೂಪಾಯಿ ಉಳಿತಾಯವೆಂದು ಆಗ ಲೆಕ್ಕ ಹೇಳಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠಪುಸ್ತಕಗಳು ಕನ್ನಡದಲ್ಲೇ ಬರುತ್ತವೆ. ಅಂದರೆ ಗಡಿಯಾಚೆಯ ಕನ್ನಡ ಮಗು ವರ್ಷಗಳಿಂದ ಲಿನಕ್ಸಿನಲ್ಲೇ ಚಿತ್ರ ಬರೆದು, ನಕ್ಷೆ ತಿದ್ದಿ, ಪ್ರೋಗ್ರಾಂ ಬರೆಯುತ್ತಿದೆ. ಅಲ್ಲಿ ಇದು ಗೆದ್ದದ್ದಕ್ಕೆ ಒಂದು ಮುಖ್ಯ ಕಾರಣವಿದೆ: ಕಂಪ್ಯೂಟರ್ ಕೊಠಡಿಯ ಬೀಗದ ಕೈಯನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡಲಿಲ್ಲ, ಶಾಲೆಯ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು.

ನಮ್ಮಲ್ಲಿ ಬಹುಕಾಲ ನಡೆದದ್ದು ಗುತ್ತಿಗೆಯ ಪದ್ಧತಿ. ಕಂಪನಿ ಬಂದು ಕಂಪ್ಯೂಟರ್ ಕೂರಿಸಿತು, ಅದರ ಬೋಧಕರೇ ಪಾಠ ಮಾಡಿದರು, ಅವಧಿ ಮುಗಿದು ಅವರು ಹೋದ ಮೇಲೆ ಕೊಠಡಿಗೆ ಬೀಗ ಬಿತ್ತು. ಆದರೂ ಕರ್ನಾಟಕದಲ್ಲಿ ಏನೂ ಆಗಿಲ್ಲ ಎನ್ನುವುದು ತಪ್ಪು. 2011ರಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿತು. ಸರ್ಕಾರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳು ಉಬುಂಟು ಹಾಕಿಕೊಂಡು, ಜಿಯೋಜೆಬ್ರಾದಲ್ಲಿ ರೇಖಾಗಣಿತ ಕಲಿಸುವ ವಿಧಾನ ಕಲಿತರು. ತಾವೇ ಪಾಠ ಸಾಮಗ್ರಿ ಬರೆದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಭಂಡಾರಕ್ಕೆ ಸೇರಿಸಿದರು. ಆ ತರಬೇತಿ ಪಡೆದ ಶಿಕ್ಷಕರು ಇಂದಿಗೂ ನಮ್ಮ ಶಾಲೆಗಳಲ್ಲಿದ್ದಾರೆ, ಅವರ ವಿದ್ಯೆ ಧೂಳು ಹಿಡಿಯಬಾರದು.

ಇನ್ನೊಂದು ಉದಾಹರಣೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ‘ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ’ದ ಕಾರ್ಯಕರ್ತರು ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ಕಟ್ಟಿದರು. ಅಲ್ಲಿಗೆ ಬಂದದ್ದು ಬೇರೆಯವರು ಬಳಸಿ ಬಿಟ್ಟ ಕಂಪ್ಯೂಟರುಗಳು, ಅವುಗಳಿಗೆ ಹಾಕಿದ್ದು ಗ್ನೂ ಲಿನಕ್ಸ್. ಕೂಲಿ ಮಾಡುವವರ ಮಕ್ಕಳು ಸಂಜೆ ಹೊತ್ತು ಬಂದು ಜಿಂಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಚಿತ್ರ ಬರೆಯಲು ಕಲಿತರು. ಬಿಸಾಡುವ ಯಂತ್ರ, ಕಾಸಿಲ್ಲದೆ ಸಿಗುವ ತಂತ್ರಾಂಶ, ವಾರಕ್ಕೆರಡು ಹೊತ್ತು ಕೊಡಬಲ್ಲ ಕೆಲವು ಎಂಜಿನಿಯರುಗಳು. ಇಷ್ಟು ಸಾಕಾಯಿತು.

ಲಿನಕ್ಸಿನಿಂದ ಆಗದ ಕೆಲಸಗಳೂ ಇವೆ, ಅವನ್ನು ಮುಚ್ಚಿಟ್ಟು ಹೊಗಳಿದರೆ ನಾಳೆ ಬಯ್ಯಿಸಿಕೊಳ್ಳಬೇಕಾಗುತ್ತದೆ. ನಮ್ಮ ಅಂಗಡಿಗಳ ಲೆಕ್ಕವೆಲ್ಲ ಟ್ಯಾಲಿಯಲ್ಲಿದೆ. ಅದು ವಿಂಡೋಸಿಗೆಂದೇ ಮಾಡಿದ ತಂತ್ರಾಂಶ. ಡಿಟಿಪಿ ಅಂಗಡಿಯವರ ಪೇಜ್‌ಮೇಕರ್, ಫೋಟೋ ಸ್ಟುಡಿಯೋದವರ ಫೋಟೋಶಾಪ್ ಕೂಡ ಲಿನಕ್ಸಿಗೆ ಸಿಗುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಕಡತ ಇಟ್ಟುಕೊಂಡವರು ಮೊದಲು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಈ ಕೆಲಸವನ್ನು ಲಿನಕ್ಸಿಗೆ ಹೋಗದವರೂ ಇವತ್ತೇ ಮಾಡಿಕೊಳ್ಳುವುದು ಒಳ್ಳೆಯದು. ಬೆರಳಚ್ಚು ಓದುವ ಸಾಧನ, ಡಿಜಿಟಲ್ ಸಹಿಯ ಟೋಕನ್ ಬಳಸುವ ಸೇವಾ ಕೇಂದ್ರಗಳು ಯಂತ್ರ ಬದಲಿಸುವ ಮೊದಲು ಸಾಧನದ ಕಂಪನಿಯನ್ನು ವಿಚಾರಿಸಬೇಕು. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಮೊಂಡು ಹಿಡಿಯುತ್ತವೆ. ಆದರೆ ಶಾಲೆಯ ಮಗು, ಪಂಚಾಯಿತಿಯ ಗ್ರಂಥಾಲಯ, ಪಹಣಿ ನೋಡುವ ರೈತ, ಮೇಲ್ ಕಳಿಸುವ ನಿವೃತ್ತರು, ಬರೆಯುವ ಓದುವ ಯಾರಿಗೇ ಆಗಲಿ ಈ ಅಡ್ಡಿಗಳು ಹೆಚ್ಚಾಗಿ ಎದುರಾಗುವುದಿಲ್ಲ. ಅವರ ಕೆಲಸವೆಲ್ಲ ಬ್ರೌಸರಿನಲ್ಲಿ, ಇಲ್ಲವೇ ಲಿಬ್ರೆಆಫೀಸಿನಲ್ಲಿ ಮುಗಿಯುತ್ತದೆ.

ಪ್ರಯತ್ನಿಸಿ ನೋಡುವುದು ಸುಲಭ, ಅಪಾಯವಿಲ್ಲ. ಚೆನ್ನಾಗಿರುವ ಇನ್ನೊಂದು ಕಂಪ್ಯೂಟರಿನಲ್ಲಿ ಮಿಂಟಿನ ಕಡತವನ್ನು ಅದರ ಅಧಿಕೃತ ಜಾಲತಾಣದಿಂದ ಇಳಿಸಿಕೊಳ್ಳಿ. ಬಲೆನಾ ಎಚರ್, ರೂಫಸ್‌ನಂಥ ಸಲಕರಣೆಯಿಂದ ಅದನ್ನು 8 ಜಿಬಿಯ ಪೆನ್‌ಡ್ರೈವಿಗೆ ಬರೆಯಿರಿ. ಹೀಗೆ ಬರೆದಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಹಳೆಯ ಯಂತ್ರಕ್ಕೆ ಅದನ್ನು ಚುಚ್ಚಿ, ಸ್ವಿಚ್ ಹಾಕಿದ ಕೂಡಲೇ ಎಫ್ 12 ಅಥವಾ ಎಫ್ 9 ಒತ್ತಿ ಪೆನ್‌ಡ್ರೈವನ್ನು ಆರಿಸಿ. ಕಂಪನಿಯಿಂದ ಕಂಪನಿಗೆ ಈ ಗುಂಡಿ ಬೇರೆ. ಲಿನಕ್ಸ್ ಏಳುತ್ತದೆ. ನಿಮ್ಮ ಹಾರ್ಡ್‌ಡಿಸ್ಕಿನಲ್ಲಿರುವ ಒಂದಕ್ಷರವನ್ನೂ ಅದು ಮುಟ್ಟಿರುವುದಿಲ್ಲ. ವೈಫೈ ಹಿಡಿಯುತ್ತದೆಯೇ, ಶಬ್ದ ಬರುತ್ತದೆಯೇ, ಪ್ರಿಂಟರ್ ಕೇಳುತ್ತದೆಯೇ, ಕನ್ನಡ ಮೂಡುತ್ತದೆಯೇ ನೋಡಿ. ಇಷ್ಟವಾದರೆ, ನಿಮ್ಮ ಫೋಟೋ, ಕಡತಗಳನ್ನು ಬೇರೆ ಕಡೆ ಪ್ರತಿ ಮಾಡಿಟ್ಟುಕೊಂಡು, ಆಮೇಲೆಯೇ ಪೂರ್ಣವಾಗಿ ಸ್ಥಾಪಿಸಿ. ಪ್ರತಿ ಮಾಡದೆ ಮುಂದುವರಿಯಬೇಡಿ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ತೆಗೆದು ಮತ್ತೆ ಸ್ವಿಚ್ ಹಾಕಿ, ಎಲ್ಲವೂ ಮೊದಲಿನಂತೆಯೇ ಇರುತ್ತದೆ.

ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತ, ಹೊಸಕೋಟೆ ಮತ್ತು ನೆಲಮಂಗಲದ ಗೋದಾಮುಗಳಲ್ಲಿ, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಕಂಪ್ಯೂಟರುಗಳನ್ನು ಒಟ್ಟೊಟ್ಟಿಗೆ ಬದಲಿಸುವ ಕಚೇರಿಗಳು ಬೇಕಾದಷ್ಟಿವೆ. ಅಲ್ಲಿ ಜವಾಬ್ದಾರಿಯಲ್ಲಿರುವವರಲ್ಲಿ ನನ್ನ ಮನವಿ ಇಷ್ಟೇ. ಹಳೆಯ ಯಂತ್ರಗಳನ್ನು ತೂಕಕ್ಕೆ ಹಾಕುವ ಮೊದಲು ಪರೀಕ್ಷೆ ಮಾಡಿಸಿ, ಡಿಸ್ಕಿನ ಮಾಹಿತಿಯನ್ನು ಪೂರ್ತಿ ಅಳಿಸಿ, ಓಡುವಂಥವನ್ನು ಹತ್ತಿರದ ಸರ್ಕಾರಿ ಶಾಲೆಗೋ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೋ ಕೊಡಿ. ನಿಜವಾಗಿ ಕೆಟ್ಟವನ್ನು ಮಾನ್ಯತೆ ಪಡೆದ ಮರುಬಳಕೆ ಘಟಕಕ್ಕೇ ಕಳಿಸಿ, ರಸ್ತೆಬದಿಯ ಗುಜರಿಗಲ್ಲ.

ಎಂಜಿನಿಯರಿಂಗ್, ಪಾಲಿಟೆಕ್ನಿಕ್, ಐಟಿಐ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಇನ್ನೊಂದು ಕೋರಿಕೆ. ಮುಂದಿನ ಶನಿವಾರ ಒಂದು ಪೆನ್‌ಡ್ರೈವಿಗೆ ಮಿಂಟ್ ಬರೆದುಕೊಂಡು ನೀವು ಓದಿದ ಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರನ್ನು ಕೇಳಿ ಕಂಪ್ಯೂಟರ್ ಕೊಠಡಿಯ ಬೀಗ ತೆಗೆಸಿ. ಒಂದು ಯಂತ್ರವನ್ನು ಎಬ್ಬಿಸಿ, ಕನ್ನಡ ಕೀಲಿಮಣೆ ಹಾಕಿಕೊಟ್ಟು, ಅದನ್ನು ನೋಡಿಕೊಳ್ಳುವುದು ಹೇಗೆಂದು ಒಬ್ಬ ಮೇಷ್ಟ್ರಿಗೆ, ಇಬ್ಬರು ಮಕ್ಕಳಿಗೆ ಹೇಳಿಕೊಟ್ಟು ಬನ್ನಿ. ಉಳಿದ ಯಂತ್ರಗಳನ್ನು ಆ ಮಕ್ಕಳ ಕೈಯಲ್ಲೇ ಮಾಡಿಸಿ.